ಕ್ಯಾನ್ಸರ್ ಇರುವ ಮಗುವಿನ ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ: ಮೊದಲು ಸಲೈನ್, ಆಮೇಲೆ ಔಷಧ

ಹನ್ನೆರಡು ವರ್ಷದ, 32 ಕೆ.ಜಿ. ತೂಕದ ಒಬ್ಬ ಹುಡುಗಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದು ತಿಂಗಳಿಂದ ಬೆನ್ನುನೋವು. ಊಟ ಸೇರುತ್ತಿಲ್ಲ, ಮಲಬದ್ಧತೆ, ಆಗಾಗ ವಾಂತಿ. ಎಷ್ಟು ನೀರು ಕುಡಿದರೂ ಬಾಯಾರಿಕೆ ಹೋಗುವುದಿಲ್ಲ. ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಾಳೆ. ಸಕ್ಕರೆ ಕಾಯಿಲೆಯೇನೋ ಎಂದು ನೋಡಿದರೆ ಶುಗರ್ ಸರಿಯಿದೆ. ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ, ಬೆನ್ನಿಗೆ ಒಂದು ನೋವಿನ ಮಾತ್ರೆ ಕೊಟ್ಟು ಕಳಿಸಿದ್ದಾರೆ. ಈಗ ಎರಡು ದಿನದಿಂದ ಹುಡುಗಿ ಮಂಕಾಗಿದ್ದಾಳೆ, ಕರೆದರೆ ತಡವಾಗಿ ಉತ್ತರಿಸುತ್ತಾಳೆ. ಮತ್ತೆ ರಕ್ತ ತೆಗೆದಾಗ ಬಿಳಿ ರಕ್ತಕಣಗಳ ಎಣಿಕೆ ಹೆಚ್ಚೂಕಡಿಮೆ ಸರಿಯಾಗಿಯೇ ಬರುತ್ತದೆ. ಆದರೆ ಕ್ಯಾಲ್ಸಿಯಂ 14.6.

ಮಕ್ಕಳ ರಕ್ತದಲ್ಲಿ ಕ್ಯಾಲ್ಸಿಯಂ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಇರಬೇಕು. ಎಳೆಗೂಸುಗಳಲ್ಲಿ ತುಸು ಹೆಚ್ಚಿದ್ದರೂ ಸರಿಯೇ. 12ರ ಒಳಗೆ ಇದ್ದರೆ ಸೌಮ್ಯ ಏರಿಕೆ, 12ರಿಂದ 14 ಮಧ್ಯಮ, 14 ದಾಟಿದರೆ ತೀವ್ರ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. ಅಂಕಿಯಷ್ಟೇ ಮುಖ್ಯವಾದದ್ದು ಅದು ಏರಿದ ವೇಗ. ತಿಂಗಳುಗಟ್ಟಲೆ ನಿಧಾನವಾಗಿ 13 ಮುಟ್ಟಿದ ಮಗು ಓಡಾಡಿಕೊಂಡಿರಬಹುದು, ವಾರದೊಳಗೆ 13 ಮುಟ್ಟಿದ ಮಗು ಹಾಸಿಗೆ ಹಿಡಿದಿರುತ್ತದೆ.

ಇನ್ನೊಂದು ಲೆಕ್ಕವೂ ಇದೆ. ರಕ್ತದಲ್ಲಿರುವ ಕ್ಯಾಲ್ಸಿಯಂನ ಹತ್ತಿರ ಹತ್ತಿರ ಅರ್ಧಭಾಗ ಆಲ್ಬುಮಿನ್ ಮುಂತಾದ ಪ್ರೋಟೀನ್‌ಗಳಿಗೆ ಅಂಟಿಕೊಂಡಿರುತ್ತದೆ. ಊಟ ಬಿಟ್ಟು ಸೊರಗಿದ ಮಗುವಿನಲ್ಲಿ ಆಲ್ಬುಮಿನ್ ಕಡಿಮೆ ಇರುವುದರಿಂದ, ವರದಿಯ ಅಂಕಿ ನಿಜಸ್ಥಿತಿಗಿಂತ ಕಡಿಮೆ ತೋರಿಸುತ್ತದೆ. ಆಲ್ಬುಮಿನ್ ಡೆಸಿಲೀಟರಿಗೆ 4 ಗ್ರಾಂಗಿಂತ ಎಷ್ಟು ಕಡಿಮೆಯಿದೆಯೋ ಅದನ್ನು 0.8ರಿಂದ ಗುಣಿಸಿ ಕ್ಯಾಲ್ಸಿಯಂಗೆ ಕೂಡಿಸುವುದು ರೂಢಿ. ನಮ್ಮ ಹುಡುಗಿಯ ಆಲ್ಬುಮಿನ್ 3 ಇದ್ದರೆ ಅವಳ ನಿಜವಾದ ಕ್ಯಾಲ್ಸಿಯಂ 15.4. ಪ್ರೋಟೀನ್‌ಗೆ ಅಂಟದ ಬಿಡಿ ಕ್ಯಾಲ್ಸಿಯಂ, ಅಂದರೆ ಅಯಾನೈಸ್ಡ್ ಕ್ಯಾಲ್ಸಿಯಂ ಅಳೆಯುವ ಯಂತ್ರ ಇದ್ದರೆ ಈ ಅಂದಾಜಿನ ಗೊಡವೆಯೇ ಬೇಡ. ಐಸಿಯುಗಳಲ್ಲಿರುವ ಬ್ಲಡ್ ಗ್ಯಾಸ್ ಯಂತ್ರಗಳಲ್ಲಿ ಇದು ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಅಪರೂಪ, ಅದಕ್ಕೇ ತಡ

ದೊಡ್ಡವರ ಕ್ಯಾನ್ಸರ್‌ನಲ್ಲಿ ಕ್ಯಾಲ್ಸಿಯಂ ಏರುವುದು ವೈದ್ಯರಿಗೆ ಚಿರಪರಿಚಿತ. ಮಕ್ಕಳಲ್ಲಿ ಹಾಗಲ್ಲ. ಅಮೆರಿಕದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಯ ವೈದ್ಯರು 29 ವರ್ಷಗಳ ದಾಖಲೆ ತೆಗೆದು 1993ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಕ್ಯಾನ್ಸರ್ ಇದ್ದ 6,055 ಮಕ್ಕಳ ಪೈಕಿ ಕ್ಯಾಲ್ಸಿಯಂ ಏರಿದ್ದು 25 ಮಕ್ಕಳಲ್ಲಿ ಮಾತ್ರ. ಶೇಕಡಾ 0.4. ಬೇರೆ ಕಡೆಯ ಅಂಕಿಗಳು ಇದಕ್ಕಿಂತ ತುಸು ಮೇಲಿದ್ದರೂ, ನೂರಕ್ಕೆ ಒಂದು ಮಗು ಎನ್ನುವ ಆಸುಪಾಸಿನಲ್ಲೇ ಇವೆ. ಹಾಗಾಗಿ ತಮ್ಮ ಇಡೀ ವೃತ್ತಿಜೀವನದಲ್ಲಿ ಇಂಥ ಒಂದು ಮಗುವನ್ನೂ ನೋಡದ ಮಕ್ಕಳ ವೈದ್ಯರು ಇದ್ದೇ ಇರುತ್ತಾರೆ. ತಡವಾಗುವುದು ಅಸಡ್ಡೆಯಿಂದಲ್ಲ, ವಾಂತಿ, ಮಲಬದ್ಧತೆ, ಸುಸ್ತು ಎಂದರೆ ಮೊದಲು ನೆನಪಾಗುವ ಕಾಯಿಲೆಗಳು ಬೇರೆಯೇ ಇರುತ್ತವೆ.

ಯಾವ ಕ್ಯಾನ್ಸರ್‌ಗಳಲ್ಲಿ ಹೀಗಾಗುತ್ತದೆ? ಮೊದಲ ಹೆಸರು ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ರಕ್ತದ ಕ್ಯಾನ್ಸರ್. ಆಮೇಲೆ ಸ್ನಾಯುಗಳ ಗೆಡ್ಡೆಯಾದ ರ‍್ಯಾಬ್ಡೋಮಯೋಸಾರ್ಕೋಮಾ, ಕೂಸುಗಳ ಕಿಡ್ನಿಯಲ್ಲಿ ಬರುವ ರ‍್ಯಾಬ್ಡಾಯ್ಡ್ ಗೆಡ್ಡೆ ಮತ್ತು ಮೀಸೋಬ್ಲಾಸ್ಟಿಕ್ ನೆಫ್ರೋಮಾ, ಕೆಲವು ಲಿಂಫೋಮಾ, ನ್ಯೂರೋಬ್ಲಾಸ್ಟೋಮಾ, ಯಕೃತ್ತಿನ ಹೆಪಟೋಬ್ಲಾಸ್ಟೋಮಾ. ಹರೆಯದ ಹುಡುಗಿಯರ ಅಂಡಾಶಯದಲ್ಲಿ ಬರುವ ಬಹಳ ಅಪರೂಪದ ಒಂದು ಗೆಡ್ಡೆಯಂತೂ ಕ್ಯಾಲ್ಸಿಯಂ ಏರಿಸುವುದರಿಂದಲೇ ಹೆಸರು ಪಡೆದಿದೆ.

ಲ್ಯುಕೇಮಿಯಾದ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಕ್ಯಾಲ್ಸಿಯಂ ಏರಿಸಿಕೊಂಡು ಬರುವ ಲ್ಯುಕೇಮಿಯಾದ ಮಕ್ಕಳಲ್ಲಿ ಅನೇಕರು ತುಸು ದೊಡ್ಡ ಮಕ್ಕಳು. ಅವರ ಬಿಳಿ ರಕ್ತಕಣಗಳ ಎಣಿಕೆ ಆಕಾಶಕ್ಕೇರಿರುವುದಿಲ್ಲ, ಕೈಯಿಂದ ತೆಗೆದ ರಕ್ತದಲ್ಲಿ ಕ್ಯಾನ್ಸರ್ ಕಣಗಳೇ ಕಾಣದಿರಬಹುದು. ಎಕ್ಸ್‌ರೇಯಲ್ಲಿ ಮೂಳೆಗಳು ಅಲ್ಲಲ್ಲಿ ಕರಗಿದಂತೆ, ಬೆನ್ನಿನ ಕಶೇರುಗಳು ಕುಸಿದಂತೆ ಕಾಣುತ್ತವೆ. ನಮ್ಮ ಕಡೆ ಇಂಥ ಬೆನ್ನಿನ ಚಿತ್ರ ನೋಡಿದಾಗ ಬೆನ್ನುಮೂಳೆಯ ಕ್ಷಯ ನೆನಪಾಗುವುದು ಸಹಜ. ಕ್ಷಯದಲ್ಲೂ ಕೆಲವೊಮ್ಮೆ ಕ್ಯಾಲ್ಸಿಯಂ ಏರುತ್ತದೆ ಎಂಬುದು ಗೊಂದಲವನ್ನು ಇನ್ನಷ್ಟು ಹೆಚ್ಚಿಸುತ್ತದೆ. ರಕ್ತದ ಎಣಿಕೆ ಸರಿಯಿದೆ ಎಂಬ ಕಾರಣಕ್ಕೆ ಲ್ಯುಕೇಮಿಯಾ ಇಲ್ಲ ಎಂದು ತೀರ್ಮಾನಿಸಿಬಿಡುವುದು ಇಲ್ಲಿ ಆಗುವ ದೊಡ್ಡ ತಪ್ಪು. ಮೂಳೆಮಜ್ಜೆ ಪರೀಕ್ಷೆಯೇ ಉತ್ತರ ಹೇಳಬೇಕು.

ಇಷ್ಟೊಂದು ಕ್ಯಾಲ್ಸಿಯಂ ಎಲ್ಲಿಂದ ಬಂತು?

ದೇಹದ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಇರುವುದು ಮೂಳೆ ಮತ್ತು ಹಲ್ಲುಗಳಲ್ಲಿ. ಮೂಳೆ ಒಂದು ಕಣಜವಿದ್ದಂತೆ: ದಿನವೂ ಸ್ವಲ್ಪ ತುಂಬುತ್ತದೆ, ಸ್ವಲ್ಪ ತೆಗೆಯಲಾಗುತ್ತದೆ, ಎರಡೂ ಸರಿದೂಗುತ್ತವೆ. ತೆಗೆಯುವ ಕೆಲಸ ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳದ್ದು. ಕ್ಯಾನ್ಸರ್ ಮಾಡುವುದೇನೆಂದರೆ ಈ ಕೋಶಗಳನ್ನು ಹದ್ದುಮೀರಿ ಕೆರಳಿಸುವುದು.

ಅದು ಎರಡು ಮೂರು ದಾರಿಯಲ್ಲಿ ನಡೆಯುತ್ತದೆ. ಕ್ಯಾನ್ಸರ್ ಕಣಗಳು ಮೂಳೆಯೊಳಗೇ ಕುಳಿತು ಅಲ್ಲಲ್ಲೇ ರಾಸಾಯನಿಕಗಳನ್ನು ಬಿಟ್ಟು ಆಸ್ಟಿಯೋಕ್ಲಾಸ್ಟ್‌ಗಳನ್ನು ಎಬ್ಬಿಸುವುದು ಒಂದು. ಎಲ್ಲೋ ಕಿಡ್ನಿಯಲ್ಲೋ ಯಕೃತ್ತಿನಲ್ಲೋ ಇರುವ ಗೆಡ್ಡೆ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಟ್ಟು, ಮೈಯ ಎಲ್ಲ ಮೂಳೆಗಳಿಂದ ಕ್ಯಾಲ್ಸಿಯಂ ಸೆಳೆಯುವುದು ಇನ್ನೊಂದು. ಈ ಹಾರ್ಮೋನಿನ ಕಥೆ ಸ್ವಾರಸ್ಯದ್ದು. 1941ರಲ್ಲಿ ಬೋಸ್ಟನ್ನಿನ ಫುಲರ್ ಆಲ್‌ಬ್ರೈಟ್, ಕಿಡ್ನಿ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ಬಗ್ಗೆ ಚರ್ಚಿಸುತ್ತಾ, ಈ ಗೆಡ್ಡೆಯೇ, ರಕ್ತದ ಕ್ಯಾಲ್ಸಿಯಂ ಏರಿಸುವ ಪ್ಯಾರಾಥೈರಾಯ್ಡ್ ಹಾರ್ಮೋನಿನಂಥ ಏನನ್ನೋ ಸುರಿಸುತ್ತಿರಬೇಕು ಎಂದು ಊಹಿಸಿದರು. ಊಹೆ ಖಚಿತವಾಗಲು 46 ವರ್ಷ ಬೇಕಾಯಿತು: 1987ರಲ್ಲಿ ಮೆಲ್ಬರ್ನ್‌ನ ಸಂಶೋಧಕರು ಅದನ್ನು ಗೆಡ್ಡೆಯ ಕಣಗಳಿಂದ ಬೇರ್ಪಡಿಸಿದರು. ಪಿಟಿಎಚ್‌ಆರ್‌ಪಿ ಎಂಬುದು ಅದರ ಚುಟುಕು ಹೆಸರು. ಮೂರನೆಯ ದಾರಿ ಕೆಲವು ಲಿಂಫೋಮಾಗಳದ್ದು. ಅವು ವಿಟಮಿನ್ ಡಿಯನ್ನು ಅದರ ಪ್ರಬಲ ರೂಪವಾದ ಕ್ಯಾಲ್ಸಿಟ್ರಯಾಲ್‌ಗೆ ಮಿತಿಯಿಲ್ಲದೆ ಬದಲಾಯಿಸಿ, ಕರುಳಿನಿಂದಲೂ ಕ್ಯಾಲ್ಸಿಯಂ ಹೀರುವಂತೆ ಮಾಡುತ್ತವೆ.

ಇಷ್ಟಾದರೂ ಕಿಡ್ನಿ ಸರಿಯಿದ್ದರೆ ಹೆಚ್ಚುವರಿ ಕ್ಯಾಲ್ಸಿಯಂ ಮೂತ್ರದಲ್ಲಿ ಹೋಗಿಬಿಡಬೇಕು. ಹೋಗದಿರುವುದಕ್ಕೆ ಕಾರಣ ಕ್ಯಾಲ್ಸಿಯಂ ಕಿಡ್ನಿಯನ್ನೇ ಕೆಡಿಸುವುದು. ಏರಿದ ಕ್ಯಾಲ್ಸಿಯಂ ಕಿಡ್ನಿಯ ನಳಿಕೆಗಳಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುವ ಶಕ್ತಿಯನ್ನು ಕುಗ್ಗಿಸುತ್ತದೆ. ಮಗು ನೀರು ನೀರಾಗಿ ಮೂತ್ರ ಮಾಡುತ್ತದೆ. ವಾಂತಿಯಿಂದ ಕುಡಿದದ್ದು ನಿಲ್ಲುವುದಿಲ್ಲ. ದೇಹ ಒಣಗುತ್ತದೆ, ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಒಣಗಿದ ದೇಹ ಸೋಡಿಯಂ ಉಳಿಸಿಕೊಳ್ಳಲು ಹೆಣಗುವಾಗ ಅದರ ಜೊತೆಯಲ್ಲೇ ಕ್ಯಾಲ್ಸಿಯಂ ಕೂಡ ರಕ್ತಕ್ಕೆ ವಾಪಸಾಗುತ್ತದೆ. ಕ್ಯಾಲ್ಸಿಯಂ ಇನ್ನೂ ಏರುತ್ತದೆ, ದೇಹ ಇನ್ನೂ ಒಣಗುತ್ತದೆ. ಈ ವಿಷವರ್ತುಲ ಅರ್ಥವಾದರೆ ಚಿಕಿತ್ಸೆಯ ಅರ್ಧ ಅರ್ಥವಾದಂತೆ. ನಮ್ಮ ಹುಡುಗಿ ಬೆನ್ನುನೋವಿಗೆ ತೆಗೆದುಕೊಳ್ಳುತ್ತಿದ್ದ ಐಬುಪ್ರೊಫೇನ್‌ನಂಥ ಮಾತ್ರೆ ಇದೇ ಕಿಡ್ನಿಗೆ ಇನ್ನೊಂದು ಪೆಟ್ಟು ಕೊಟ್ಟಿರುತ್ತದೆ.

ಮೊದಲ ದಿನ: ಸಲೈನ್

ಚಿಕಿತ್ಸೆ ಶುರುವಾಗುವುದು ಯಾವುದೇ ದುಬಾರಿ ಔಷಧದಿಂದಲ್ಲ, ನಾರ್ಮಲ್ ಸಲೈನ್‌ನಿಂದ. 0.9 ಶೇಕಡಾ ಉಪ್ಪಿನ ಈ ಡ್ರಿಪ್ ತಾಲ್ಲೂಕು ಆಸ್ಪತ್ರೆಯಲ್ಲೂ ಸಿಗುತ್ತದೆ. ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುವ ಆತುರದಲ್ಲಿ ಇದನ್ನು ಶುರು ಮಾಡದೆ ಆಂಬುಲೆನ್ಸ್ ಹತ್ತಿಸಿದರೆ, ರಾಯಚೂರಿನಿಂದಲೋ ಬೀದರಿನಿಂದಲೋ ಬೆಂಗಳೂರಿನ ಕಿದ್ವಾಯಿ ತಲುಪುವಷ್ಟರಲ್ಲಿ ಒಂದು ರಾತ್ರಿ ಕಳೆದಿರುತ್ತದೆ, ಆ ರಾತ್ರಿಯಿಡೀ ಕಿಡ್ನಿ ಒಣಗಿರುತ್ತದೆ. ಮೊದಲು ಸೂಜಿ ಹಾಕಿ ಡ್ರಿಪ್ ಹಚ್ಚಿ, ದಾರಿಯುದ್ದಕ್ಕೂ ಓಡಲಿ ಎಂದು ಹೇಳಿ ಕಳಿಸುವುದೇ ಆ ಹೊತ್ತಿಗೆ ಮಗುವಿಗೆ ಮಾಡಬಹುದಾದ ಅತಿ ದೊಡ್ಡ ಉಪಕಾರ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎಷ್ಟು ಕೊಡಬೇಕು? ಮಗು ತೀರಾ ಒಣಗಿದ್ದು ನಾಡಿ ಓಡುತ್ತಿದ್ದರೆ ಮೊದಲು ಕೆ.ಜಿ.ಗೆ 10ರಿಂದ 20 ಮಿ.ಲೀ. ಬೇಗ ಕೊಡುತ್ತಾರೆ. ಆಮೇಲೆ ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ದಿನಕ್ಕೆ 2ರಿಂದ 3 ಲೀಟರ್. ನಮ್ಮ ಹುಡುಗಿಯ ಮೇಲ್ಮೈ ಸುಮಾರು 1.1 ಚದರ ಮೀಟರ್; ಮೂರು ಲೀಟರ್ ಲೆಕ್ಕದಲ್ಲಿ ದಿನಕ್ಕೆ 3.3 ಲೀಟರ್, ಗಂಟೆಗೆ ಸುಮಾರು 140 ಮಿ.ಲೀ. ಆ ತೂಕದ ಮಗುವಿಗೆ ಮಾಮೂಲಿಯಾಗಿ ಬೇಕಾಗುವುದರ ಹತ್ತಿರ ಹತ್ತಿರ ಎರಡರಷ್ಟು. ಸೋಡಿಯಂ ಹೊರಹೋಗುವಾಗ ಕ್ಯಾಲ್ಸಿಯಂ ಅದರ ಬೆನ್ನಿಗೇ ಹೋಗುತ್ತದೆ ಎಂಬುದರಿಂದಲೇ ಇಲ್ಲಿ ಬರೀ ಗ್ಲೂಕೋಸ್ ನೀರು ಸಾಲದು, ಉಪ್ಪಿನ ನೀರೇ ಬೇಕು.

ಇದನ್ನು ಕಣ್ಣಿಟ್ಟು ನೋಡಿಕೊಳ್ಳಬೇಕು. ವಾರ್ಡಿನಲ್ಲಿ ನರ್ಸ್ ಪ್ರತಿ ಬಾರಿಯ ಮೂತ್ರವನ್ನು ಅಳತೆ ಪಾತ್ರೆಯಲ್ಲಿ ಹಿಡಿದು ಬರೆದಿಡುತ್ತಾರೆ, ದಿನಕ್ಕೆ ಎರಡು ಸಲ ತೂಕ ನೋಡುತ್ತಾರೆ. ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟ್, ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ಹೇಳುವ ಕ್ರಿಯಾಟಿನಿನ್‌ಗಾಗಿ ಆರರಿಂದ ಎಂಟು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಇಸಿಜಿಯಲ್ಲಿ ಕ್ಯೂಟಿ ಎಂಬ ಅಂತರ ಕಿರಿದಾಗಿದೆಯೇ ಎಂದು ನೋಡುತ್ತಾರೆ, ಏಕೆಂದರೆ ಕ್ಯಾಲ್ಸಿಯಂ ಹೃದಯದ ಬಡಿತವನ್ನೂ ಕೆಡಿಸಬಲ್ಲದು. ಮಗುವಿನ ಜೊತೆಗಿರುವ ತಾಯಿಗೆ ಇಷ್ಟೊಂದು ಚುಚ್ಚುವುದು ಹಿಂಸೆ ಅನ್ನಿಸುತ್ತದೆ. ಯಾಕೆ ಎಂದು ಅವರಿಗೆ ಬಿಡಿಸಿ ಹೇಳಲು ಎರಡು ನಿಮಿಷ ಸಾಕು, ಆ ಎರಡು ನಿಮಿಷವನ್ನು ಯಾರೂ ಉಳಿಸಬಾರದು.

ಮೂತ್ರ ಹೆಚ್ಚಿಸುವ ಫ್ಯೂರೋಸೆಮೈಡ್ ಎಂಬ ಇಂಜೆಕ್ಷನ್ ಹಿಂದೆ ಎಲ್ಲರಿಗೂ ಕೊಡುತ್ತಿದ್ದರು. ಈಗ ಹಾಗಿಲ್ಲ. 2008ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಪರಿಶೀಲಿಸಿದವರು ಈ ರೂಢಿಗೆ ಗಟ್ಟಿ ಆಧಾರವೇ ಇಲ್ಲವೆಂದು ತೋರಿಸಿದರು. ಒಣಗಿದ ಮಗುವಿಗೆ ಕೊಟ್ಟರೆ ಅದು ಇನ್ನಷ್ಟು ಒಣಗುತ್ತದೆ, ಅಷ್ಟೇ. ಸಲೈನ್ ಹೆಚ್ಚಾಗಿ ಉಬ್ಬಸ ಬಂದರೆ, ಮೈ ಊದಿದರೆ ಆಗ ಅದರ ಅಗತ್ಯ ಬೀಳುತ್ತದೆ. ಮೂತ್ರ ಹೆಚ್ಚಿಸುವ ಇನ್ನೊಂದು ಬಗೆಯ ಔಷಧ, ಥಯಾಜೈಡ್, ಕ್ಯಾಲ್ಸಿಯಂ ಅನ್ನು ಒಳಗೇ ಹಿಡಿದಿಡುವುದರಿಂದ ಅದು ಬೇಡವೇ ಬೇಡ.

ಸಲೈನ್ ಒಂದರಿಂದಲೇ ಕ್ಯಾಲ್ಸಿಯಂ ಸಾಮಾನ್ಯವಾಗಿ ಒಂದೆರಡು ಮಿಲಿಗ್ರಾಂ ಇಳಿಯುತ್ತದೆ. ಮಂಕು ಕವಿದಿದ್ದ ಮಗು ಮಾತಾಡಲು ಶುರುಮಾಡುತ್ತದೆ. ಆದರೆ ಕಣಜದ ಬಾಗಿಲು ಇನ್ನೂ ತೆರೆದೇ ಇದೆ.

ಮೂಳೆಯಿಂದ ಸೋರುವುದನ್ನು ನಿಲ್ಲಿಸುವ ಔಷಧಗಳು

ಬೇಗ ಕೆಲಸ ಮಾಡುವುದು ಕ್ಯಾಲ್ಸಿಟೋನಿನ್. ಥೈರಾಯ್ಡ್ ಗ್ರಂಥಿಯಲ್ಲಿ ತಯಾರಾಗುವ ಈ ಹಾರ್ಮೋನನ್ನು ಔಷಧವಾಗಿ ಬಳಸುವಾಗ ಸಾಲ್ಮನ್ ಮೀನಿನ ರೂಪವನ್ನೇ ಬಳಸುತ್ತಾರೆ. ಮನುಷ್ಯರದ್ದಕ್ಕಿಂತ ಅದು ಹೆಚ್ಚು ಪ್ರಬಲ. ಕೆ.ಜಿ.ಗೆ 4 ಯೂನಿಟ್‌ನಂತೆ 12 ಗಂಟೆಗೊಮ್ಮೆ ಚರ್ಮದಡಿ ಚುಚ್ಚುತ್ತಾರೆ. ನಾಲ್ಕರಿಂದ ಆರು ಗಂಟೆಯಲ್ಲಿ ಕ್ಯಾಲ್ಸಿಯಂ ಇಳಿಯತೊಡಗುತ್ತದೆ. ಆದರೆ ಎರಡು ದಿನ ಕಳೆಯುವಷ್ಟರಲ್ಲಿ ದೇಹ ಅದಕ್ಕೆ ಒಗ್ಗಿಕೊಂಡು ಅದರ ಪರಿಣಾಮ ಮಾಯವಾಗುತ್ತದೆ. ಕ್ಯಾಲ್ಸಿಯಂ 14 ದಾಟಿ ಮಗು ಮಂಕಾಗಿದ್ದಾಗ, ಮುಂದಿನ ಔಷಧ ಕೈಹಿಡಿಯುವವರೆಗೆ ಎರಡು ದಿನ ಗೆದ್ದುಕೊಡುವುದು ಇದರ ಪಾತ್ರ.

ಆ ಮುಂದಿನ ಔಷಧ ಬಿಸ್‌ಫಾಸ್ಫೋನೇಟ್ ಗುಂಪಿನದ್ದು: ಪ್ಯಾಮಿಡ್ರೋನೇಟ್ ಅಥವಾ ಜೋಲೆಡ್ರಾನಿಕ್ ಆಸಿಡ್. ಇವು ಮೂಳೆಯ ಖನಿಜಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ, ಮೂಳೆ ಕರಗಿಸಲು ಬಂದ ಆಸ್ಟಿಯೋಕ್ಲಾಸ್ಟ್ ಅವನ್ನು ನುಂಗಿ ನಿಷ್ಕ್ರಿಯವಾಗುತ್ತದೆ. ಮಕ್ಕಳಿಗೆ ಇಂಥ ಔಷಧ ಕೊಡುವ ಧೈರ್ಯ ವೈದ್ಯರಿಗೆ ಬಂದದ್ದು ಕ್ಯಾನ್ಸರ್‌ನಿಂದಲ್ಲ. ಹುಟ್ಟಿನಿಂದಲೇ ಮೂಳೆ ಸುಲಭವಾಗಿ ಮುರಿಯುವ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ ಇರುವ ಮಕ್ಕಳಿಗೆ ಮಾಂಟ್ರಿಯಲ್‌ನಲ್ಲಿ ಪ್ಯಾಮಿಡ್ರೋನೇಟ್ ಕೊಟ್ಟ ಅನುಭವ 1998ರಲ್ಲಿ ಪ್ರಕಟವಾದ ಮೇಲೆ, ಬೆಳೆಯುವ ಮೂಳೆಗಳಲ್ಲೂ ಇದನ್ನು ಬಳಸಬಹುದು ಎಂಬ ಭರವಸೆ ಹರಡಿತು.

ಪ್ಯಾಮಿಡ್ರೋನೇಟ್ ಅನ್ನು ಕೆ.ಜಿ.ಗೆ ಅರ್ಧದಿಂದ 1 ಮಿ.ಗ್ರಾಂನಂತೆ ನಾಲ್ಕರಿಂದ ಆರು ಗಂಟೆ ನಿಧಾನವಾಗಿ ಡ್ರಿಪ್‌ನಲ್ಲಿ ಕೊಡುತ್ತಾರೆ, 32 ಕೆ.ಜಿ.ಯ ಹುಡುಗಿಗೆ ಹೆಚ್ಚೆಂದರೆ 32 ಮಿ.ಗ್ರಾಂ. ಜೋಲೆಡ್ರಾನಿಕ್ ಆಸಿಡ್ ಇದಕ್ಕಿಂತ ಹಲವು ಪಟ್ಟು ಪ್ರಬಲ, ಕೆ.ಜಿ.ಗೆ 0.025ರಿಂದ 0.05 ಮಿ.ಗ್ರಾಂ ಸಾಕು, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಜೋಲೆಡ್ರಾನಿಕ್ ಆಸಿಡ್‌ನ ಒಂದು ಸೀಸೆಯಲ್ಲಿ 4 ಮಿ.ಗ್ರಾಂ ಇರುತ್ತದೆ, ಅದು ದೊಡ್ಡವರ ಪೂರ್ತಿ ಡೋಸ್. ನಮ್ಮ ಹುಡುಗಿಗೆ ಬೇಕಾಗುವುದು 0.8ರಿಂದ 1.6 ಮಿ.ಗ್ರಾಂ. ಸೀಸೆ ಒಡೆದ ಮೇಲೆ ಪೂರ್ತಿ ಹಾಕಿಬಿಡುವ ಅಭ್ಯಾಸ ಇಲ್ಲಿ ಮಗುವನ್ನು ಅಪಾಯಕ್ಕೆ ತಳ್ಳುತ್ತದೆ, ಹಾಗಾಗಿ ಲೆಕ್ಕವನ್ನು ಇಬ್ಬರು ಬೇರೆ ಬೇರೆಯಾಗಿ ಮಾಡಿ ತಾಳೆ ನೋಡಬೇಕು. ಕಿಡ್ನಿ ಸೊರಗಿದ್ದರೆ ಡೋಸ್ ಇನ್ನೂ ಇಳಿಸಬೇಕು, ಇಲ್ಲವೇ ಸಲೈನ್‌ನಿಂದ ಕ್ರಿಯಾಟಿನಿನ್ ಸುಧಾರಿಸುವವರೆಗೆ ಕಾಯಬೇಕು. ಈ ಡೋಸ್‌ಗಳನ್ನು ನಾನು ಹೇಳುತ್ತಿರುವುದು ಕೇಸ್ ಶೀಟಿನಲ್ಲಿ ಬರೆದಿದ್ದು ಅರ್ಥವಾಗಲಿ ಎಂದು. ನಿರ್ಧಾರ ಮಗುವಿನ ಮುಂದೆ ನಿಂತಿರುವ ವೈದ್ಯರದ್ದು.

ಪರಿಣಾಮ ಕಾಣಲು ಒಂದರಿಂದ ಮೂರು ದಿನ ಬೇಕು, ಪೂರ್ತಿ ಇಳಿಯಲು ವಾರದವರೆಗೂ ಹಿಡಿಯಬಹುದು. ಈ ನಡುವೆ ಮೊದಲ ಡೋಸ್‌ನ ಮಾರನೆಯ ದಿನ ಅನೇಕ ಮಕ್ಕಳಿಗೆ ಜ್ವರ, ಮೈಕೈ ನೋವು ಬರುತ್ತದೆ. ಕ್ಯಾನ್ಸರ್ ವಾರ್ಡಿನಲ್ಲಿ ಜ್ವರ ಎಂದರೆ ಎಲ್ಲರಿಗೂ ಸೋಂಕಿನ ಗಾಬರಿ. ಔಷಧದ ಜ್ವರವೇ ಇರಬಹುದಾದರೂ ಬಿಳಿ ಕಣಗಳು ಕುಸಿದಿರುವ ಮಗುವಿನಲ್ಲಿ ಅದನ್ನು ಸೋಂಕೆಂದೇ ತಿಳಿದು ಕಲ್ಚರ್ ಕಳಿಸಿ ಆಂಟಿಬಯೋಟಿಕ್ ಶುರು ಮಾಡುವುದು ಸರಿಯಾದ ದಾರಿ.

ಬಿಸ್‌ಫಾಸ್ಫೋನೇಟ್‌ಗೂ ಬಗ್ಗದಿದ್ದರೆ, ಅಥವಾ ಕಿಡ್ನಿ ತಡೆಯಲಾರದು ಅನ್ನಿಸಿದರೆ, ಡೆನೋಸುಮ್ಯಾಬ್ ಎಂಬ ಆಂಟಿಬಾಡಿ ಇದೆ. ಆಸ್ಟಿಯೋಕ್ಲಾಸ್ಟ್‌ಗಳನ್ನು ಹುಟ್ಟಿಸುವ ಸಂಕೇತವನ್ನೇ ಅದು ತಡೆಯುತ್ತದೆ. ದೊಡ್ಡವರಲ್ಲಿ ಒಳ್ಳೆಯ ಅನುಭವವಿದೆ. ಬೆಳೆಯುವ ಮಕ್ಕಳಲ್ಲಿ ಮಾತ್ರ ಒಂದು ತೊಡಕು: ಔಷಧ ನಿಲ್ಲಿಸಿದ ಕೆಲವು ತಿಂಗಳ ಮೇಲೆ, ಅಷ್ಟು ದಿನ ತಡೆಹಿಡಿದಿದ್ದ ಆಸ್ಟಿಯೋಕ್ಲಾಸ್ಟ್‌ಗಳು ಒಮ್ಮೆಲೇ ಎದ್ದು ಕ್ಯಾಲ್ಸಿಯಂ ಮತ್ತೆ ಜಿಗಿಯಬಹುದು. ಮೊದಲ ಆಯ್ಕೆಯಾಗಿ ಇದನ್ನು ಮಕ್ಕಳಿಗೆ ಕೊಡದಿರುವುದಕ್ಕೆ ಇದೂ ಒಂದು ಕಾರಣ. ಕಿಡ್ನಿ ಪೂರ್ತಿ ಕೈಕೊಟ್ಟು ಮೂತ್ರವೇ ನಿಂತಾಗ, ಅಥವಾ ಕ್ಯಾಲ್ಸಿಯಂ ಪ್ರಾಣಾಂತಿಕ ಮಟ್ಟಕ್ಕೆ ಹೋಗಿ ಪ್ರಜ್ಞೆ ತಪ್ಪಿದಾಗ, ಕಡಿಮೆ ಕ್ಯಾಲ್ಸಿಯಂ ಇರುವ ದ್ರಾವಣ ಬಳಸಿ ಡಯಾಲಿಸಿಸ್ ಮಾಡಿದರೆ ಗಂಟೆಗಳಲ್ಲೇ ಇಳಿಯುತ್ತದೆ.

ಮಜ್ಜೆ ಪರೀಕ್ಷೆಗೆ ಮುಂಚೆ ಸ್ಟಿರಾಯ್ಡ್ ಬೇಡ

ಈ ಲೇಖನದಲ್ಲಿ ಒಂದೇ ಒಂದು ವಿಷಯ ಓದುಗರ ನೆನಪಿನಲ್ಲಿ ಉಳಿಯಬೇಕೆಂದರೆ ಅದು ಇದು. ಸ್ಟಿರಾಯ್ಡ್ ಕ್ಯಾಲ್ಸಿಯಂ ಇಳಿಸುತ್ತದೆ ಎಂಬುದು ಪಠ್ಯಪುಸ್ತಕದಲ್ಲಿದೆ, ಅದು ನಿಜವೂ ಹೌದು: ವಿಟಮಿನ್ ಡಿ ದಾರಿಯಿಂದ ಕ್ಯಾಲ್ಸಿಯಂ ಏರಿಸುವ ಲಿಂಫೋಮಾಗಳಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಯಾವ ಕಾಯಿಲೆ ಎಂದು ಇನ್ನೂ ಗೊತ್ತಿಲ್ಲದ ಮಗುವಿಗೆ, ಬೆನ್ನುನೋವಿಗೋ ಊತಕ್ಕೋ ಕ್ಯಾಲ್ಸಿಯಂಗೋ ಎಂದು ಡೆಕ್ಸಾಮೆಥಸೋನ್ ಅಥವಾ ಪ್ರೆಡ್ನಿಸೋಲೋನ್ ಕೊಟ್ಟರೆ ಏನಾಗುತ್ತದೆ?

ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾದ ಕಣಗಳು ಸ್ಟಿರಾಯ್ಡ್‌ಗೆ ಸಾಯುತ್ತವೆ. ಕೆಲವು ದಿನದ ಮಾತ್ರೆಗೇ ನೋವು ಮಾಯ, ಕ್ಯಾಲ್ಸಿಯಂ ಇಳಿಕೆ, ಮಗು ಎದ್ದು ಓಡಾಡುತ್ತದೆ. ಮನೆಯವರಿಗೆ ಖುಷಿ. ಆದರೆ ಕ್ಯಾನ್ಸರ್ ಹೋಗಿರುವುದಿಲ್ಲ, ಬಚ್ಚಿಟ್ಟುಕೊಂಡಿರುತ್ತದೆ. ಆಮೇಲೆ ಮಜ್ಜೆ ಪರೀಕ್ಷೆ ಮಾಡಿದರೆ ಸ್ಪಷ್ಟ ಉತ್ತರ ಸಿಗದಿರಬಹುದು. ಕಾಯಿಲೆಯ ಉಪಬಗೆ ಯಾವುದು ಎಂದು ತಿಳಿಯಲು ಬೇಕಾದ ಕಣಗಳೂ ಸಿಗುವುದಿಲ್ಲ. ಕ್ಯಾಲ್ಸಿಯಂ ಏರಿದ ಲ್ಯುಕೇಮಿಯಾದಲ್ಲಿ ಈ ಉಪಬಗೆ ಗೊತ್ತಾಗುವುದು ಬಹಳ ಮುಖ್ಯ, ಏಕೆಂದರೆ 17 ಮತ್ತು 19ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾದ ಒಂದು ಅಪರೂಪದ ಬಗೆ ಇಂಥ ಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ, ಅದು ಸುಲಭಕ್ಕೆ ಬಗ್ಗುವುದಿಲ್ಲ. ಅದಿದೆ ಎಂದು ಮೊದಲೇ ಗೊತ್ತಾದರೆ ಚಿಕಿತ್ಸೆಯ ಯೋಜನೆಯೇ ಬೇರೆ.

ಇನ್ನೊಂದು ಅಪಾಯ ಟ್ಯೂಮರ್ ಲೈಸಿಸ್. ಕ್ಯಾನ್ಸರ್ ಕಣಗಳು ಒಟ್ಟಿಗೆ ಒಡೆದಾಗ ಅವುಗಳೊಳಗಿನ ಪೊಟ್ಯಾಸಿಯಂ, ಫಾಸ್ಫೇಟ್ ರಕ್ತಕ್ಕೆ ಸುರಿಯುತ್ತವೆ, ಯೂರಿಕ್ ಆಸಿಡ್ ಏರುತ್ತದೆ. ಮೊದಲೇ ಕ್ಯಾಲ್ಸಿಯಂ ತುಂಬಿರುವ ರಕ್ತಕ್ಕೆ ಫಾಸ್ಫೇಟ್ ಬಂದು ಬಿದ್ದರೆ ಎರಡೂ ಸೇರಿ ಹರಳುಗಟ್ಟಿ ಕಿಡ್ನಿಯಲ್ಲಿ ಕೂರುತ್ತವೆ. ಆದ್ದರಿಂದ ಕೀಮೋ ಶುರುವಾಗುವ ಮುಂಚೆ ಸಾಧ್ಯವಾದಷ್ಟು ಕ್ಯಾಲ್ಸಿಯಂ ಇಳಿಸಿ, ಯೂರಿಕ್ ಆಸಿಡ್ ತಗ್ಗಿಸುವ ಅಲೋಪ್ಯೂರಿನಾಲ್ ಅಥವಾ ರಾಸ್ಬುರಿಕೇಸ್ ಕೊಟ್ಟು ಸಿದ್ಧವಾಗಿರಬೇಕು. ಇದೇ ಕಾರಣಕ್ಕೆ ಡ್ರಿಪ್‌ಗೆ ಸೋಡಾ ಬೈಕಾರ್ಬನೇಟ್ ಸೇರಿಸುವ ಹಳೆಯ ಪದ್ಧತಿ ಇಲ್ಲಿ ಒಳ್ಳೆಯದಲ್ಲ. ಕ್ಷಾರೀಯ ಮೂತ್ರದಲ್ಲಿ ಆ ಹರಳು ಬೇಗ ಕಟ್ಟುತ್ತದೆ.

ಹಾಗಾದರೆ ಮಗು ತೀರಾ ಗಂಭೀರವಾಗಿದ್ದರೆ ಮಜ್ಜೆ ಪರೀಕ್ಷೆಗೆ ಕಾಯುತ್ತಾ ಕೂರಬೇಕೇ? ಬೇಕಿಲ್ಲ. ಸಲೈನ್, ಕ್ಯಾಲ್ಸಿಟೋನಿನ್, ಬಿಸ್‌ಫಾಸ್ಫೋನೇಟ್ ಯಾವುದೂ ಲ್ಯುಕೇಮಿಯಾದ ಗುರುತನ್ನು ಅಳಿಸುವುದಿಲ್ಲ. ಅವನ್ನು ಕೂಡಲೇ ಕೊಡಬಹುದು. ಮಗು ಸ್ವಲ್ಪ ಚೇತರಿಸಿಕೊಂಡ ಮೇಲೆ, ಒಂದೆರಡು ದಿನದೊಳಗೆ ಮಜ್ಜೆ ತೆಗೆದರಾಯಿತು. ಸ್ಟಿರಾಯ್ಡ್ ಮಾತ್ರ ಆಮೇಲೆ, ಕೀಮೋದ ಭಾಗವಾಗಿ ಬರಲಿ.

ಕೊನೆಗೂ ಕ್ಯಾಲ್ಸಿಯಂ ನೆಲೆನಿಲ್ಲುವುದು ಕ್ಯಾನ್ಸರ್‌ಗೆ ಚಿಕಿತ್ಸೆ ಶುರುವಾದ ಮೇಲೆಯೇ. ಲ್ಯುಕೇಮಿಯಾ ಕೀಮೋಗೆ ಸ್ಪಂದಿಸಿದರೆ ಮತ್ತೆ ಬಿಸ್‌ಫಾಸ್ಫೋನೇಟ್ ಬೇಕಾಗುವುದು ಕಡಿಮೆ. ಕೂಸಿನ ಕಿಡ್ನಿಯ ಗೆಡ್ಡೆಯಲ್ಲಿ, ಆಪರೇಷನ್ ಮಾಡಿ ಗೆಡ್ಡೆ ತೆಗೆದ ಕೆಲವೇ ದಿನಗಳಲ್ಲಿ ಕ್ಯಾಲ್ಸಿಯಂ ತಾನಾಗಿ ಇಳಿಯುತ್ತದೆ.

ಕ್ಯಾನ್ಸರ್ ಅಲ್ಲದ ಕಾರಣಗಳು, ಚಿಕಿತ್ಸೆಯೇ ಕಾರಣವಾದಾಗ

ಕ್ಯಾಲ್ಸಿಯಂ ಏರಿದ ಪ್ರತಿ ಮಗುವಿಗೂ ಕ್ಯಾನ್ಸರ್ ಇರುವುದಿಲ್ಲ ಎಂಬುದನ್ನು ಗಾಬರಿಯಾಗಿರುವ ಪೋಷಕರಿಗಾಗಿ ಹೇಳಬೇಕು. ನಮ್ಮ ದೇಶದಲ್ಲಿ ಮುಖ್ಯವಾಗಿ ಕೇಳಬೇಕಾದ ಪ್ರಶ್ನೆ: ವಿಟಮಿನ್ ಡಿ ಎಷ್ಟು ಕೊಟ್ಟಿದ್ದೀರಿ? 60,000 ಯೂನಿಟ್‌ನ ಪುಡಿ ಪೊಟ್ಟಣ ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುತ್ತದೆ. ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ಎಂದುಕೊಂಡು ಕೊಟ್ಟರೆ, ಮಗು ಎತ್ತರವಾಗಲಿ ಎಂದು ತಿಂಗಳುಗಟ್ಟಲೆ ಮುಂದುವರಿಸಿದರೆ, ಇದೇ ಬಾಯಾರಿಕೆ, ಇದೇ ವಾಂತಿ, ಇದೇ ಮಲಬದ್ಧತೆ ಬರುತ್ತದೆ. ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ವಿಟಮಿನ್ ಡಿ ಮಟ್ಟ ಎರಡನ್ನೂ ನೋಡಿದರೆ ಬಹಳಷ್ಟು ಬಿಡಿಸಿಕೊಳ್ಳುತ್ತದೆ: ಹಾರ್ಮೋನ್ ಹೆಚ್ಚಿದ್ದರೆ ತೊಂದರೆ ಪ್ಯಾರಾಥೈರಾಯ್ಡ್ ಗ್ರಂಥಿಯದ್ದೇ ಇರಬಹುದು, ಹಾರ್ಮೋನ್ ಅಡಗಿಹೋಗಿ ವಿಟಮಿನ್ ಡಿ ಮಿ.ಲೀ.ಗೆ 150 ನ್ಯಾನೋಗ್ರಾಂ ದಾಟಿದ್ದರೆ ಪೊಟ್ಟಣಗಳ ಲೆಕ್ಕ ಕೇಳಬೇಕು, ಹಾರ್ಮೋನ್ ಅಡಗಿ ವಿಟಮಿನ್ ಡಿ ಮಾಮೂಲಿಯಾಗಿದ್ದರೆ ಕ್ಯಾನ್ಸರ್ ಹುಡುಕಲೇಬೇಕು.

ಒಮ್ಮೊಮ್ಮೆ ಕ್ಯಾನ್ಸರ್‌ನ ಔಷಧವೇ ಕ್ಯಾಲ್ಸಿಯಂ ಏರಿಸುತ್ತದೆ. ಹೆಚ್ಚು ಅಪಾಯದ ನ್ಯೂರೋಬ್ಲಾಸ್ಟೋಮಾದಲ್ಲಿ ಚಿಕಿತ್ಸೆಯ ಕೊನೆಯ ಹಂತದಲ್ಲಿ ಐಸೋಟ್ರೆಟಿನಾಯಿನ್ ಕೊಡುತ್ತಾರೆ, ಇದು ವಿಟಮಿನ್ ಎ ಬಳಗದ್ದು, ಎರಡು ವಾರ ಕೊಟ್ಟು ಎರಡು ವಾರ ಬಿಡುವುದು ಕ್ರಮ. ಆ ಎರಡು ವಾರದಲ್ಲಿ ಮಗು ಒಂದೇ ಸಮನೆ ವಾಂತಿ ಮಾಡಿಕೊಂಡು ಮಂಕಾದರೆ ಕಾಯಿಲೆ ಮರಳಿತೇ ಎಂದು ಹೆದರುವ ಮುಂಚೆ ಕ್ಯಾಲ್ಸಿಯಂ ನೋಡಬೇಕು. ಔಷಧ ನಿಲ್ಲಿಸಿ ಸಲೈನ್ ಕೊಟ್ಟರೆ ಹೆಚ್ಚಿನ ಮಕ್ಕಳು ಸುಧಾರಿಸುತ್ತಾರೆ, ಮುಂದಿನ ಸುತ್ತಿನಲ್ಲಿ ಡೋಸ್ ಇಳಿಸುತ್ತಾರೆ.

ರಾಗಿ ಗಂಜಿ ನಿಲ್ಲಿಸಬೇಕೇ?

ಕ್ಯಾಲ್ಸಿಯಂ ಹೆಚ್ಚಾಗಿದೆ ಎಂದಾಕ್ಷಣ ಅಜ್ಜಿಯಂದಿರು ಮೊದಲು ನಿಲ್ಲಿಸುವುದು ಹಾಲು ಮತ್ತು ರಾಗಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇರುವುದು ನಿಜ. ಆದರೆ ಹೆಚ್ಚಿನ ಕ್ಯಾನ್ಸರ್‌ಗಳಲ್ಲಿ ರಕ್ತಕ್ಕೆ ಬರುತ್ತಿರುವುದು ಮೂಳೆಯ ಕ್ಯಾಲ್ಸಿಯಂ, ಊಟದ್ದಲ್ಲ. ಕರುಳು ಆ ಹೊತ್ತಿಗೆ ಹೀರುವುದನ್ನೇ ಕಡಿಮೆ ಮಾಡಿರುತ್ತದೆ. ಕ್ಯಾಲ್ಸಿಯಂ ಮಾತ್ರೆ, ವಿಟಮಿನ್ ಡಿ, ಟಾನಿಕ್, ಪೌಷ್ಟಿಕ ಪುಡಿಗಳನ್ನು ನಿಲ್ಲಿಸಿ. ಕ್ಯಾಲ್ಸಿಟ್ರಯಾಲ್ ಹೆಚ್ಚಿಸುವ ಲಿಂಫೋಮಾ ಅಥವಾ ವಿಟಮಿನ್ ಡಿ ವಿಷದಲ್ಲಿ ಊಟದಲ್ಲೂ ಮಿತಿ ಬೇಕು. ಅದನ್ನು ಬಿಟ್ಟರೆ, ವಾರಗಳಿಂದ ಸರಿಯಾಗಿ ಉಣ್ಣದ ಮಗು ಎರಡು ಚಮಚ ರಾಗಿ ಗಂಜಿ ಕೇಳಿದರೆ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ಹೆಚ್ಚಿನ ಸಲ ಉತ್ತರ ಹೌದು ಎಂದೇ ಇರುತ್ತದೆ. ನೋವು ತಡೆಯುವಂತಿದ್ದು, ಕಶೇರು ಮುರಿದಿಲ್ಲವೆಂದು ಖಚಿತವಾದರೆ ಮಗುವನ್ನು ಎಬ್ಬಿಸಿ ನಿಲ್ಲಿಸುವುದೂ, ನಾಲ್ಕು ಹೆಜ್ಜೆ ನಡೆಸುವುದೂ ಚಿಕಿತ್ಸೆಯೇ. ಮಲಗಿಯೇ ಇದ್ದರೆ ಮೂಳೆ ಇನ್ನಷ್ಟು ಕರಗುತ್ತದೆ.

ಔಷಧ ಕೆಲಸ ಮಾಡಿದ ಮೇಲೆ ಸಮಸ್ಯೆ ತಿರುಗುಮುರುಗಾಗುವುದೂ ಉಂಟು. ಬಿಸ್‌ಫಾಸ್ಫೋನೇಟ್ ಮೂಳೆಯ ಬಾಗಿಲು ಹಾಕಿದೆ, ಕೀಮೋದಿಂದ ಫಾಸ್ಫೇಟ್ ಏರಿ ಕ್ಯಾಲ್ಸಿಯಂ ಅನ್ನು ಎಳೆದುಕೊಳ್ಳುತ್ತಿದೆ. ವಾರದ ಹಿಂದೆ 15 ಇದ್ದ ಮಗುವಿಗೆ ಈಗ 7 ಆಗಬಹುದು. ತುಟಿಯ ಸುತ್ತ, ಬೆರಳ ತುದಿಯಲ್ಲಿ ಜುಮುಗುಡುವುದು, ಕೈ ಸೆಟೆದುಕೊಳ್ಳುವುದು, ಕೆಲವೊಮ್ಮೆ ಫಿಟ್ಸ್ ಇದರ ಲಕ್ಷಣ. ಮನೆಗೆ ಹೋದ ಮೇಲೆ ಹೀಗಾದರೆ ಕೂಡಲೇ ಮರಳಿ ಬರಬೇಕು. ಮೊದಲೇ ವಿಟಮಿನ್ ಡಿ ಕೊರತೆ ಇದ್ದ ಮಕ್ಕಳಲ್ಲಿ ಈ ಇಳಿತ ಹೆಚ್ಚು ಆಳ.

ಡಿಸ್ಚಾರ್ಜ್ ಪತ್ರದಲ್ಲಿ ಮೂರು ವಿಷಯ ಇದೆಯೇ ಎಂದು ನೋಡಿಕೊಳ್ಳಿ: ಬಂದ ದಿನದ ಕ್ಯಾಲ್ಸಿಯಂ ಎಷ್ಟಿತ್ತು, ಯಾವ ಬಿಸ್‌ಫಾಸ್ಫೋನೇಟ್ ಎಷ್ಟು ಕೊಟ್ಟರು, ಯಾವ ತಾರೀಕಿಗೆ ಕೊಟ್ಟರು. ಈ ಔಷಧ ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಮುಂದೆ ಹಲ್ಲು ಕೀಳಿಸುವಾಗ ದಂತವೈದ್ಯರಿಗೆ ಅದು ಗೊತ್ತಿರಬೇಕು. ಬೆಳೆಯುವ ಮಗುವಿನ ಮಂಡಿಯ ಎಕ್ಸ್‌ರೇಯಲ್ಲಿ ಇದು ಬಿಳಿ ಅಡ್ಡಗೆರೆಯಾಗಿ ಕಾಣುತ್ತದೆ, ಹಿನ್ನೆಲೆ ಗೊತ್ತಿಲ್ಲದವರು ಅದನ್ನು ಹೊಸ ಕಾಯಿಲೆ ಎಂದುಕೊಳ್ಳಬಹುದು. ಕ್ಯಾಲ್ಸಿಯಂನ ಆ ಮೊದಲ ಅಂಕಿಯೂ ಮುಂದೆ ಬೇಕಾಗುತ್ತದೆ: ಚಿಕಿತ್ಸೆ ಮುಗಿದ ಮೇಲಿನ ಯಾವುದೋ ಒಂದು ತಪಾಸಣೆಯಲ್ಲಿ, ವಿಟಮಿನ್ ಡಿ ಪೊಟ್ಟಣದಂಥ ಕಾರಣವಿಲ್ಲದೆ ಕ್ಯಾಲ್ಸಿಯಂ ಮತ್ತೆ 11, 11.5 ಎಂದು ಏರತೊಡಗಿದರೆ, ಗೆಡ್ಡೆ ಅಥವಾ ಲ್ಯುಕೇಮಿಯಾ ಮರಳುತ್ತಿರುವ ಸುಳಿವು ಅದಾಗಿರಬಹುದು, ಮುಂದಿನ ತಿಂಗಳ ಭೇಟಿಗೆ ಕಾಯದೆ ಅದೇ ವಾರ ಸ್ಕ್ಯಾನ್ ಮತ್ತು ಮಜ್ಜೆ ಪರೀಕ್ಷೆ ಕೇಳಬೇಕು.